ದುರ್ಗದ ಗೆಳೆಯನಿಗೆ ಎಡಿನ್‌ಬರಾದ ಸುದ್ದಿ

ಆತ್ಮೀಯ ಗೆಳೆಯಾ,

ನಾನಿಲ್ಲಿ ಕ್ಷೇಮ, ನೀನೂ ಮನೆಯವರೂ ಕ್ಷೇಮವೆಂದು ಭಾವಿಸಿದ್ದೇನೆ. ಕಳೆದ ಶನಿವಾರ ಗ್ಲಾಸ್ಗೋದ ಗೆಳೆಯರೊಡನೆ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರಾ ನೋಡಿಬಂದೆ. ಚಿತ್ರದುರ್ಗದ ಕೋಟೆಯ ಕೆಳಗೆ ಬೆಳೆದ ನಿನಗೆ ಆ ಊರಿನ ವಿಚಾರ ಬರೆಯಲೇಬೇಕೆನಿಸಿತು, ಏಕೆಂದರೆ ಅಲ್ಲಿ ರಾಜರಿಗಿಂತ ಮೊದಲೇ ಊರಿನ ನಕ್ಷೆಯನ್ನು ನಿರ್ಧರಿಸಿದ್ದು ಒಂದು ಬಂಡೆ.

ಸುಮಾರು 35 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಗಂಟಲಿನಲ್ಲೇ ಹೆಪ್ಪುಗಟ್ಟಿದ ಕಪ್ಪು ಶಿಲೆಯ ಮೇಲೆ ಕೋಟೆ ನಿಂತಿದೆ. ಹಿಮಯುಗದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸರಿದ ಹಿಮರಾಶಿ ಸುತ್ತಲಿನ ಮೆದು ಕಲ್ಲನ್ನೆಲ್ಲ ಕೊರೆದು ಒಯ್ದರೂ ಈ ಬಂಡೆಯನ್ನು ಅಲುಗಿಸಲಾಗಲಿಲ್ಲ. ಅದರ ಮರೆಯಲ್ಲಿ ಉಳಿದ ಕಲ್ಲು ಬಾಲದಂತೆ ಪೂರ್ವಕ್ಕೆ ಇಳಿಜಾರಾಗಿ ಚಾಚಿಕೊಂಡಿತು. ಆ ಬಾಲದ ಬೆನ್ನಿನ ಮೇಲೆ ಹಾದುಹೋಗುವ ಬೀದಿಯೇ ರಾಯಲ್ ಮೈಲ್. ಮೇಲಿನ ತುದಿಯಲ್ಲಿ ಕೋಟೆ, ಕೆಳಗಿನ ತುದಿಯಲ್ಲಿ ಹೋಲಿರೂಡ್ ಅರಮನೆ.

ಕೋಟೆಯೊಳಗೆ ಹೆಚ್ಚಿನವರು ಸ್ಕಾಟ್ಲೆಂಡಿನ ರಾಜಕಿರೀಟ ನೋಡಲು ಸಾಲುಗಟ್ಟುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಎರಡು: ಹನ್ನೆರಡನೆಯ ಶತಮಾನದ ಪುಟ್ಟ ಸೇಂಟ್ ಮಾರ್ಗರೆಟ್ ಪ್ರಾರ್ಥನಾಮಂದಿರ ಮತ್ತು ಕೋಟೆಯ ಬಾವಿಯ ಕಥೆ. ಆ ಶಿಲೆಯೊಳಗೆ ನೀರು ಇಂಗುವುದಿಲ್ಲ. 1573ರ ಮುತ್ತಿಗೆಯಲ್ಲಿ ಫಿರಂಗಿಯ ಏಟಿಗೆ ಡೇವಿಡ್ ಬುರುಜು ಕುಸಿದು ಬಾವಿ ಮುಚ್ಚಿಹೋದಾಗ, ನೀರಿಗೆ ದಿಕ್ಕಿಲ್ಲದಂತಾದ ಒಳಗಿನವರು ಕೆಲವೇ ದಿನಗಳಲ್ಲಿ ಶರಣಾದರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ ನೀರು ಹರಿಯುವಂತೆ ವ್ಯವಸ್ಥೆ ಮಾಡಿದ ನಮ್ಮ ದುರ್ಗದವರು ಈ ವಿಷಯದಲ್ಲಿ ಹೆಚ್ಚು ಜಾಣರೆಂದು ಗೆಳೆಯರೆದುರು ಕೊಂಚ ಜಂಬದಿಂದಲೇ ಹೇಳಿದೆ. ಅಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯ ತೋಪು ಹಾರಿ ನನ್ನ ಭಾಷಣ ನಿಂತಿತು! ಸಮುದ್ರದಲ್ಲಿದ್ದ ಹಡಗುಗಳು ಗಡಿಯಾರ ಸರಿಪಡಿಸಿಕೊಳ್ಳಲೆಂದು 1861ರಲ್ಲಿ ಆರಂಭಿಸಿದ ಈ ಪದ್ಧತಿ ಇಂದಿಗೂ ನಡೆದುಬಂದಿದೆ. ಭಾನುವಾರ, ಗುಡ್ ಫ್ರೈಡೇ ಮತ್ತು ಕ್ರಿಸ್‌ಮಸ್ ದಿನ ಮಾತ್ರ ತೋಪಿಗೆ ರಜೆ.

ಕೆಳಗಿಳಿದು ಹಳೆಯ ಪಟ್ಟಣದ ಸಂದಿಗೊಂದಿಗಳಲ್ಲಿ ನಡೆದೆವು. ಎರಡೂ ಬದಿಯಲ್ಲಿ ಇಳಿಜಾರು, ಸುತ್ತಲೂ ಕೋಟೆಗೋಡೆ. ಊರು ಅಗಲವಾಗಲು ಜಾಗವಿಲ್ಲದೆ ಎತ್ತರಕ್ಕೆ ಬೆಳೆಯಿತು, ಒಂದೇ ಕಟ್ಟಡದಲ್ಲಿ ಬಡವರೂ ಸಿರಿವಂತರೂ ಬೇರೆಬೇರೆ ಅಂತಸ್ತುಗಳಲ್ಲಿ ಬಾಳಿದರು, ಹೊಲಸೆಲ್ಲ ಉತ್ತರದ ಕೆರೆ ಸೇರಿತು. ಹದಿನೆಂಟನೆಯ ಶತಮಾನದಲ್ಲಿ ಆ ಕೆರೆಯನ್ನು ಬತ್ತಿಸತೊಡಗಿ, ಆಚೆಯ ಬಯಲಿನಲ್ಲಿ ಜೇಮ್ಸ್ ಕ್ರೇಗ್ ಎಂಬ ತರುಣ ವಾಸ್ತುಶಿಲ್ಪಿಯ ನಕ್ಷೆಯಂತೆ 1767ರಿಂದ ಹೊಸ ಪಟ್ಟಣ ಕಟ್ಟಿದರು. ಅನುಕೂಲವಿದ್ದವರು ಅಲ್ಲಿಗೆ ಹೋದರು, ಬಡವರು ಇಲ್ಲೇ ಉಳಿದರು. ಹೊಸ ಪಟ್ಟಣದ ನೇರ ಬೀದಿಗಳು ಚೆಲುವಾಗಿವೆ, ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ಹಳೆಯದರ ಕಡೆಗೇ. ಯುನೆಸ್ಕೊ 1995ರಲ್ಲಿ ಎರಡನ್ನೂ ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವಿಶ್ವವಿದ್ಯಾಲಯದ ಹಳೆಯ ಕಟ್ಟಡವನ್ನು ಹೊರಗಿನಿಂದಷ್ಟೇ ನೋಡಿದೆವು. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ನೇಕಾರಿಕೆ, ಜಾತಿಗಳ ವಿವರ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ವೈದ್ಯಶಾಸ್ತ್ರ ಓದಿದ್ದು ಈ ವಿಶ್ವವಿದ್ಯಾಲಯದಲ್ಲಿಯೇ.

ಸಂಜೆ ಸಾಲಿಸ್‌ಬರಿ ಕ್ರ್ಯಾಗ್ಸ್ ಎಂಬ ಕಡಿದಾದ ಬಂಡೆಸಾಲಿನ ಕೆಳಗೆ ನಡೆದೆವು. ಕರಗಿದ ಶಿಲೆ ಹಳೆಯ ಪದರಗಳ ನಡುವೆ ನುಗ್ಗಿ ಅವುಗಳನ್ನು ಸೀಳಿದ ಗುರುತನ್ನು ಹದಿನೆಂಟನೆಯ ಶತಮಾನದ ಭೂವಿಜ್ಞಾನಿ ಜೇಮ್ಸ್ ಹಟನ್ ಇಲ್ಲಿ ಕಂಡುಕೊಂಡು, ಭೂಮಿಯ ವಯಸ್ಸು ಆಗಿನವರು ನಂಬಿದ್ದ ಕೆಲವು ಸಾವಿರ ವರ್ಷಗಳಿಗಿಂತ ಎಷ್ಟೋ ಹೆಚ್ಚೆಂದು ವಾದಿಸಿದ. 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಗುಡ್ಡ ಅದರ ಪಕ್ಕದಲ್ಲೇ ಇದೆ; ಗಾಳಿಗೆ ಹೆದರಿ ಅರ್ಧದಲ್ಲೇ ಮರಳಿದೆವು.

ನೀನು ಬರುವುದಾದರೆ ಜೂನ್‌ನಲ್ಲಿ ಬಾ. ಆಗ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಗುಡ್ಡವನ್ನು ತುದಿಯವರೆಗೂ ಹತ್ತೋಣ. ಮಗಳ ಪರೀಕ್ಷೆ ಯಾವಾಗ ಮುಗಿಯುತ್ತದೆಂದು ತಿಳಿಸಿದರೆ ಇಲ್ಲಿ ನಾನೂ ರಜೆ ಕೇಳುತ್ತೇನೆ.

ನಿನ್ನ ಗೆಳೆಯ