ಕಾಯಿಲೆ ಮುಚ್ಚಿಡುವ ಅನಿವಾರ್ಯತೆ ತಪ್ಪಲಿ

ಮಾನ್ಯ ಸಂಪಾದಕರೇ,

ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿಯಂಥ ಕೋರ್ಸುಗಳಿಗೆ ಸೇರುವ ವಿದ್ಯಾರ್ಥಿಗಳಲ್ಲಿ ಕೆಲವರು ತಾವೇ ಒಂದು ದೀರ್ಘಕಾಲದ ಕಾಯಿಲೆಯೊಡನೆ ಬದುಕುತ್ತಿರುತ್ತಾರೆ. ಟೈಪ್ 1 ಮಧುಮೇಹ, ಮೂರ್ಛೆರೋಗ, ಲೂಪಸ್, ಸಂಧಿವಾತ, ಅಸ್ತಮಾ, ಹೀಗೆ ಯಾವುದಾದರೂ ಇರಬಹುದು. ಆಸ್ಪತ್ರೆಯಲ್ಲಿ ತಮ್ಮನ್ನು ನೋಡಿಕೊಂಡವರನ್ನು ಕಂಡೇ ಈ ವೃತ್ತಿಯತ್ತ ಮನಸ್ಸು ಮಾಡಿದವರೂ ಅವರಲ್ಲಿದ್ದಾರೆ. ಆದರೆ ಪ್ರವೇಶದ ಅರ್ಜಿಯಲ್ಲಿ ‘ಯಾವುದಾದರೂ ಕಾಯಿಲೆ ಇದೆಯೇ’ ಎಂಬ ಪ್ರಶ್ನೆ ಎದುರಾದಾಗ, ಸೀಟು ಕೈತಪ್ಪೀತೆಂಬ ಭಯದಿಂದ ‘ಇಲ್ಲ’ ಎಂದು ಬರೆದುಬಿಡುತ್ತಾರೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವ, ವಾರ್ಡಿನಲ್ಲೂ ಅವರ ಜೊತೆ ನಿಲ್ಲುವ ಅಧ್ಯಾಪಕಿಯಾಗಿ ನನಗೆ ಅನ್ನಿಸುವುದೆಂದರೆ, ಈ ಸುಳ್ಳನ್ನು ಹೇಳಿಸುತ್ತಿರುವುದು ನಮ್ಮ ಶಿಕ್ಷಣ ಸಂಸ್ಥೆಗಳೇ, ಮತ್ತು ಅದರ ಅಪಾಯ ವಿದ್ಯಾರ್ಥಿಗೆ ಎಷ್ಟಿದೆಯೋ ರೋಗಿಗೂ ಅಷ್ಟೇ ಇದೆ.

ಟೈಪ್ 1 ಮಧುಮೇಹವನ್ನೇ ನೋಡೋಣ. ರಕ್ತದ ಸಕ್ಕರೆಯನ್ನು ತಗ್ಗಿಸುವ ಇನ್ಸುಲಿನ್ನನ್ನು ಮೇದೋಜೀರಕ ಗ್ರಂಥಿಯಲ್ಲಿ ತಯಾರಿಸುವ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶಪಡಿಸಿರುವುದರಿಂದ, ಊಟಕ್ಕೂ ದುಡಿಮೆಗೂ ತಾಳೆ ಹಾಕಿ ಇನ್ಸುಲಿನ್ನನ್ನು ಹೊರಗಿನಿಂದಲೇ ತೆಗೆದುಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಂಡಾಗಿದೆ, ರೌಂಡ್ಸ್ ತಡವಾಗಿ ಊಟದ ಹೊತ್ತು ಮೀರಿದೆ, ವಿದ್ಯಾರ್ಥಿನಿ ಔಷಧದ ಟ್ರಾಲಿಯ ಪಕ್ಕ ನಿಂತಿದ್ದಾಳೆ ಎಂದುಕೊಳ್ಳಿ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬೆವರು, ಕೈನಡುಕ, ಎದೆಬಡಿತ ಶುರುವಾಗಬಹುದು. 54ಕ್ಕಿಂತಲೂ ಕೆಳಗೆ ಹೋದರೆ ಗಮನ ಚದುರಿ ಸಣ್ಣ ಲೆಕ್ಕವೂ ತಪ್ಪಬಹುದು. ಪ್ರಜ್ಞೆ ಇರುವಾಗಲೇ ಎಚ್ಚೆತ್ತುಕೊಂಡರೆ ಉಪಾಯ ಕಷ್ಟದ್ದಲ್ಲ: ಸುಮಾರು 15 ಗ್ರಾಂ ಗ್ಲೂಕೋಸ್ ಸೇವಿಸಿ, 15 ನಿಮಿಷ ಕಾದು, ಮತ್ತೆ ಪರೀಕ್ಷಿಸಿಕೊಳ್ಳುವುದು. ಸ್ಟಾಫ್ ನರ್ಸಿಗೆ ವಿಷಯ ಗೊತ್ತಿದ್ದರೆ ಟ್ರಾಲಿಯನ್ನು ಅವರಿಗೆ ಒಪ್ಪಿಸಿ ಅವಳು ಕುಳಿತುಕೊಳ್ಳುತ್ತಾಳೆ. ಯಾರಿಗೂ ಹೇಳಿಲ್ಲದಿದ್ದರೆ, ನಡುಗುವ ಕೈಯನ್ನು ಏಪ್ರನ್ನಿನ ಜೇಬಿನಲ್ಲಿ ಅಡಗಿಸಿಕೊಂಡು, ಇನ್ನೆರಡು ಬೆಡ್ ಮುಗಿಸಿಬಿಡೋಣವೆಂದು ಮುಂದುವರಿಯುತ್ತಾಳೆ. ಅವಳು ಆಗ ತಯಾರಿಸುತ್ತಿರುವುದು ಬೇರೊಬ್ಬರ ಇನ್ಸುಲಿನ್ ಡೋಸೇ ಆಗಿರಬಹುದು.

ಮೂರ್ಛೆರೋಗವಿರುವ ಅನೇಕರಿಗೆ ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚು. ಅಂಥವರಿಗೆ ಸತತ ರಾತ್ರಿಪಾಳಿ ಹಾಕದಿರುವುದು ಒಂದು ಸಣ್ಣ ಬದಲಾವಣೆ. ಸಂಧಿವಾತದಲ್ಲಿ ಬೆಳಗಿನ ಹೊತ್ತು ಕೀಲುಗಳು ಬಿಗಿದುಕೊಂಡಿರುವುದರಿಂದ ಪಾಳಿಯನ್ನು ತುಸು ತಡವಾಗಿ ಶುರುಮಾಡಿದರೂ ದೊಡ್ಡ ಉಪಕಾರವಾಗುತ್ತದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವ ವಿದ್ಯಾರ್ಥಿಯನ್ನು ಕ್ಷಯದ ವಾರ್ಡಿಗೆ ಕಳಿಸುವ ಮುನ್ನ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳಲೇಬೇಕು. ಆದರೆ ಕಾಯಿಲೆಯೇ ದಾಖಲೆಯಲ್ಲಿ ಇಲ್ಲದಿರುವಾಗ ಕೇಳುವವರು ಯಾರು?

ಎಲ್ಲರೂ ಎಲ್ಲ ಕೆಲಸಕ್ಕೂ ಒಗ್ಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಫಿಟ್ಸ್ ಹತೋಟಿಗೆ ಬಾರದವರು ಶಸ್ತ್ರಚಿಕಿತ್ಸೆಗೆ ಕೈ ಹಾಕುವುದು ಸರಿಯಲ್ಲ. ರೋಗಿಯ ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿ ಕೂಡದು. ಆದರೆ ಪ್ರಯೋಗಾಲಯ, ವಿಕಿರಣಶಾಸ್ತ್ರ, ಆಪ್ತಸಮಾಲೋಚನೆ, ಔಷಧ ವಿಭಾಗ, ಸಮುದಾಯ ಆರೋಗ್ಯ ಎಂದು ಈ ಕ್ಷೇತ್ರಕ್ಕೆ ಹತ್ತಾರು ಕವಲುಗಳಿರುವಾಗ, ಕಾಯಿಲೆಯ ಹೆಸರನ್ನು ನೋಡಿಯೇ ‘ಅನರ್ಹ’ ಎಂದು ಷರಾ ಬರೆಯುವುದು ಅನ್ಯಾಯ. ನಿಜವಾಗಿ ನೋಡಬೇಕಾದದ್ದು, ಈ ವಿದ್ಯಾರ್ಥಿ ಈ ಕೆಲಸವನ್ನು ಯಾವ ಅನುಕೂಲವಿದ್ದರೆ ಸುರಕ್ಷಿತವಾಗಿ ಮಾಡಬಲ್ಲರು ಎಂಬುದನ್ನು.

ವೈದ್ಯಕೀಯದ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿಗಳಿವೆ. ಅಮೆರಿಕದ ವೈದ್ಯ ಜಾರ್ಜ್ ಮೈನಾಟ್ ಅವರಿಗೆ ಮಧುಮೇಹ ಪತ್ತೆಯಾದದ್ದು 1921ರಲ್ಲಿ, ಟೊರಾಂಟೊದಲ್ಲಿ ಇನ್ಸುಲಿನ್ ಸಂಶೋಧನೆ ನಡೆಯುತ್ತಿದ್ದ ವರ್ಷದಲ್ಲೇ. ಇನ್ಸುಲಿನ್ನಿನಿಂದ ಬದುಕುಳಿದ ಅವರು, ಆವರೆಗೆ ಮಾರಕವೆನಿಸಿದ್ದ ಒಂದು ಬಗೆಯ ರಕ್ತಹೀನತೆಗೆ ಚಿಕಿತ್ಸೆ ಕಂಡುಹಿಡಿದು 1934ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಲಂಡನ್ನಿನ ರಾಬರ್ಟ್ ಲಾರೆನ್ಸ್ ಅವರಂತೂ ತರುಣ ವೈದ್ಯರಾಗಿದ್ದಾಗಲೇ ಮಧುಮೇಹದಿಂದ ಸಾವಿನಂಚಿಗೆ ಹೋಗಿ, 1923ರಲ್ಲಿ ಇನ್ಸುಲಿನ್ ಸಿಕ್ಕ ಮೇಲೆ ಚೇತರಿಸಿಕೊಂಡು, ಮುಂದಿನ ವೃತ್ತಿಜೀವನವನ್ನೆಲ್ಲ ಅದೇ ಕಾಯಿಲೆಯವರ ಸೇವೆಗೆ ಮುಡಿಪಾಗಿಟ್ಟರು.

ಹಾಗೆಂದು ಇಂಥ ವಿದ್ಯಾರ್ಥಿಗಳನ್ನು ಸಮಾರಂಭದ ವೇದಿಕೆಗೆ ಹತ್ತಿಸಿ ಸ್ಫೂರ್ತಿಯ ಕಥೆ ಹೇಳಿಸುವುದು ನನಗೆ ಒಪ್ಪಿಗೆಯಿಲ್ಲ. ತಮ್ಮ ಕಾಯಿಲೆಯನ್ನು ಯಾರಿಗೆ, ಎಷ್ಟು ಹೇಳಬೇಕೆಂಬುದು ಅವರ ಹಕ್ಕು. ಅವರ ಅನುಭವ ಎಲ್ಲಿ ನೆರವಿಗೆ ಬರುತ್ತದೆಂಬುದು ಕೆಲಸದಲ್ಲೇ ಕಾಣುತ್ತದೆ. ಮೊದಲ ಸಲ ಇನ್ಸುಲಿನ್ ಪೆನ್ ಹಿಡಿದು ಅಳುತ್ತಿರುವ ಮಗುವಿಗೆ, ಸೂಜಿ ಚುಚ್ಚಿದ ಮೇಲೆ ಹತ್ತು ಎಣಿಸಿ ಹೊರತೆಗೆ, ಪ್ರತಿ ಸಲವೂ ಜಾಗ ಬದಲಿಸು ಎಂದು ನಾವೆಲ್ಲರೂ ಹೇಳಿಕೊಡುತ್ತೇವೆ. ದಿನವೂ ತಾನೇ ಚುಚ್ಚಿಕೊಳ್ಳುವ ವಿದ್ಯಾರ್ಥಿನಿ ಅದೇ ಮಾತನ್ನು ಹೇಳುವಾಗ ಆ ಮಗು ಕೇಳಿಸಿಕೊಳ್ಳುವ ರೀತಿಯೇ ಬೇರೆ.

ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು ದೀರ್ಘಕಾಲದ ದೈಹಿಕ ನ್ಯೂನತೆಯುಳ್ಳವರನ್ನೂ ಒಳಗೊಳ್ಳುತ್ತದೆ, ಶಿಕ್ಷಣದಲ್ಲಿ ಅವರಿಗೆ ಸಮಂಜಸವಾದ ಅನುಕೂಲ ಕಲ್ಪಿಸಬೇಕೆಂದೂ ಹೇಳುತ್ತದೆ. ಅದನ್ನು ಪಾಲಿಸಲು ದೊಡ್ಡ ವೆಚ್ಚವೇನೂ ಬೇಕಿಲ್ಲ. ಆರೋಗ್ಯದ ವಿವರವನ್ನು ಆಯ್ಕೆ ಮುಗಿದ ಮೇಲಷ್ಟೇ ಕೇಳಲಿ, ಅದನ್ನು ಯಾರು ಓದುತ್ತಾರೆ ಎಂಬುದನ್ನು ಅರ್ಜಿಯಲ್ಲೇ ತಿಳಿಸಲಿ. ಪ್ರತಿ ಪೋಸ್ಟಿಂಗ್ ಆರಂಭವಾಗುವ ಮುನ್ನ ಹೊಣೆಗಾರ ಅಧ್ಯಾಪಕರೊಬ್ಬರು ವಿದ್ಯಾರ್ಥಿಯೊಡನೆ ಕುಳಿತು, ಊಟದ ವಿರಾಮ, ಔಷಧದ ಸಮಯ, ಪಾಳಿಯ ಬಗ್ಗೆ ಮಾತಾಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾಯಿಲೆ ಉಲ್ಬಣಿಸಿ ಆಸ್ಪತ್ರೆಗೆ ಸೇರಿದ ಕಾರಣಕ್ಕೆ ಹಾಜರಾತಿ ಕಡಿಮೆಯಾದಾಗ ಇಡೀ ವರ್ಷವನ್ನೇ ಕಳೆದುಕೊಳ್ಳುವಂತೆ ಮಾಡದೆ, ಬಾಕಿ ಉಳಿದ ವಾರ್ಡ್ ಡ್ಯೂಟಿಯನ್ನು ರಜೆಯಲ್ಲಿ ಪೂರೈಸಲು ಅವಕಾಶ ಕೊಡಲಿ. ಮುಂದಿನ ಪ್ರವೇಶ ಆರಂಭವಾಗುವ ಮೊದಲೇ ಸಂಸ್ಥೆಗಳು ತಮ್ಮ ನಿಯಮಗಳಲ್ಲಿ ಇದನ್ನು ಬರೆದಿಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ನರ್ಸಿಂಗ್ ಅಧ್ಯಾಪಕಿ