ಐಸ್‌ಕ್ರೀಮ್ ಡಬ್ಬಿಯ ವಿಷಯ

ನಮ್ಮ ಮನೆ ಬಾಗಿಲ ಪಕ್ಕದ ಶೂ ಸ್ಟ್ಯಾಂಡ್ ಮೇಲೆ ಒಂದು ಲಕೋಟೆ ನಾಲ್ಕು ತಿಂಗಳು ಕೂತಿತ್ತು. ಒಳಗೇನಿದೆ ಅಂತ ನನಗೆ ಗೊತ್ತಿತ್ತು. ಕರುಳಿನ ಕ್ಯಾನ್ಸರ್ ತಪಾಸಣೆಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕಳಿಸುವ ಕಿಟ್. ಇಲ್ಲಿ ಇಂಗ್ಲೆಂಡ್‌ನಲ್ಲಿ 50ರಿಂದ 74 ವಯಸ್ಸಿನವರಿಗೆ ಎರಡು ವರ್ಷಕ್ಕೊಮ್ಮೆ ಅದು ಮನೆಗೇ ಬರುತ್ತದೆ, ಪುಕ್ಕಟೆ. ಅದರ ಮೇಲೆ ಮೊದಲು ಕಾರಿನ ಕೀ ಬಂತು, ಆಮೇಲೆ ಕೌನ್ಸಿಲ್ ಟ್ಯಾಕ್ಸ್ ಕಾಗದ, ಕೊನೆಗೆ ನಮ್ಮದೇ ಸಂಘದ ದೀಪಾವಳಿ ಕಾರ್ಯಕ್ರಮದ ಆಹ್ವಾನ ಪತ್ರಿಕೆಗಳ ಕಟ್ಟು. "ಏನ್ರೀ, ಇದಿನ್ನೂ ಇಲ್ಲೇ ಇದೆಯಲ್ಲ" ಅಂತ ಮನೆಯಾಕೆ ಕೇಳಿದಾಗಲೆಲ್ಲ "ಈ ವೀಕೆಂಡ್ ಮಾಡ್ತೀನಿ" ಅನ್ನುತ್ತಿದ್ದೆ. ಈ ಸುದ್ದಿಪತ್ರದಲ್ಲಿ ಆರೋಗ್ಯದ ಪುಟ ತುಂಬಿಸುವವನೂ ನಾನೇ!

ಹಾಗಾಗಿ ಜನ ಇಂಥ ತಪಾಸಣೆ ಮಾಡಿಸದೇ ಇರುವುದು ತಿಳಿವಳಿಕೆ ಇಲ್ಲದ್ದಕ್ಕೆ ಅನ್ನುವ ಮಾತನ್ನು ನಾನು ಒಪ್ಪಲ್ಲ. ನಮ್ಮ ಸಂಘದಲ್ಲಿ ಅರ್ಧ ಜನ ಐಟಿಯವರು, ಉಳಿದವರಲ್ಲಿ ಡಾಕ್ಟರುಗಳೇ ಜಾಸ್ತಿ. ತಿಳಿವಳಿಕೆಗೇನು ಬರ? ಅಡ್ಡ ಬರುವುದು ಬೇರೆ. ನನಗೆ ಅಡ್ಡ ಬಂದದ್ದು ಒಂದು ಡಬ್ಬಿ.

ನಗಬೇಡಿ. ಕಿಟ್‌ನಲ್ಲಿರುವುದು ಬೆರಳುದ್ದದ ಒಂದು ಪ್ಲಾಸ್ಟಿಕ್ ಬಾಟಲಿ. ಮುಚ್ಚಳ ತಿರುಗಿಸಿದರೆ ಅದರ ಜೊತೆಗೇ ಒಂದು ಕಡ್ಡಿ ಬರುತ್ತದೆ. ಆ ಕಡ್ಡಿಯ ತುದಿಯನ್ನು ಮಲಕ್ಕೆ ಸವರಿ, ವಾಪಸ್ ಒಳಗೆ ಹಾಕಿ ಮುಚ್ಚಿ, ತಾರೀಕು ಬರೆದು ಪೋಸ್ಟ್ ಮಾಡಬೇಕು. ಅಷ್ಟೇ. ಆದರೆ ನೀರಿಗೆ ಬೀಳುವ ಮೊದಲೇ ಹಿಡಿಯಬೇಕಲ್ಲ, ಅದಕ್ಕೊಂದು ಒಣಗಿದ ಡಬ್ಬಿ ಬೇಕು. ನಮ್ಮ ಮನೆಯ ಐಸ್‌ಕ್ರೀಮ್ ಡಬ್ಬಿಗಳಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸ ಇದೆ. ಒಂದರಲ್ಲಿ ಸಾರಿನ ಪುಡಿ, ಒಂದರಲ್ಲಿ ದೋಸೆ ಹಿಟ್ಟು. ಯಾವುದನ್ನು ಕೇಳಲಿ? ಹೇಗೆ ಕೇಳಲಿ? ಆಮೇಲೆ ಗೊತ್ತಾಯಿತು, ಕೆಲವು ಪದರ ಟಾಯ್ಲೆಟ್ ಪೇಪರ್ ಇದ್ದರೂ ನಡೆಯುತ್ತದೆ ಅಂತ. ಐದು ನಿಮಿಷದ ಕೆಲಸ, ನಾಲ್ಕು ತಿಂಗಳು ಎಳೆದಿದ್ದೆ.

ಇಂಥ ಸಣ್ಣ ಅಡ್ಡಿ ಸಣ್ಣದಲ್ಲ. ಮೊದಲು ಇಲ್ಲಿ ಬೇರೆ ಬೇರೆ ದಿನ ಮೂರು ಸಲ ಮಾದರಿ ತೆಗೆಯಬೇಕಿತ್ತು. 2019ರಲ್ಲಿ ಒಂದೇ ಸಲ ಸಾಕು ಅನ್ನುವ ಹೊಸ ಪರೀಕ್ಷೆ ಬಂದ ಮೇಲೆ ಕಿಟ್ ವಾಪಸ್ ಕಳಿಸುವವರು ಜಾಸ್ತಿಯಾದರು. ನಮ್ಮ ಜಿಪಿಯ, ಅಂದರೆ ಮಾಮೂಲಿ ತೋರಿಸಿಕೊಳ್ಳುವ ಡಾಕ್ಟರ, ಹೆಸರು ಹಾಕಿ ಕಾಗದ ಬರೆದರೂ ಹೆಚ್ಚು ಜನ ಕಳಿಸುತ್ತಾರೆ, ಅದನ್ನೂ ಇಲ್ಲೇ ಪ್ರಯೋಗ ಮಾಡಿ ನೋಡಿದ್ದಾರೆ. ಕೆಲಸ ಸುಲಭವಾಗಬೇಕು, ಪರಿಚಯದವರೊಬ್ಬರು ಹೇಳಬೇಕು. ಮನುಷ್ಯ ಎಲ್ಲ ಕಡೆ ಒಂದೇ ಅಲ್ವಾ?

ಹೆಂಗಸರ ಕಷ್ಟ ಇನ್ನೊಂದು ಥರ. ಇಲ್ಲೇ ಮಗನ ಜೊತೆ ಇರುವ ಅಮ್ಮನ ಹೆಸರಿಗೆ ಕಾಗದ ಬರುತ್ತದೆ. ಇಂಗ್ಲಿಷ್ ಕಾಗದ, ಮಗನೇ ಒಡೆಯುತ್ತಾನೆ. ಗರ್ಭಕೋಶದ ಬಾಯಿಯ ಪರೀಕ್ಷೆ ಅಂತ ಇರುತ್ತದೆ. ಅಮ್ಮನಿಗೆ ಹೇಗೆ ಹೇಳುವುದೋ ತಿಳಿಯದೆ ಮಡಚಿ ಡ್ರಾಯರಿಗೆ ಹಾಕುತ್ತಾನೆ. ಇದನ್ನು ನನಗೆ ಹೇಳಿದವರು ಒಬ್ಬರಲ್ಲ, ಮೂವರು. ದಯವಿಟ್ಟು ಸೊಸೆಗೋ ಮಗಳಿಗೋ ಕೊಡಿ. ಈ ಪರೀಕ್ಷೆಗೆ, ಅಂದರೆ ಸ್ಮಿಯರ್ ಟೆಸ್ಟಿಗೆ, 25ರಿಂದ 64 ವಯಸ್ಸಿನವರೆಗೆ ಕರೆಯುತ್ತಾರೆ, ಲೇಡಿ ನರ್ಸೇ ಬೇಕು ಅಂತ ಕೇಳಬಹುದು. 50 ದಾಟಿದವರಿಗೆ ಮೂರು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ, ಅಲ್ಲಿ ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ತೆಗೆಯುವವರೂ ಹೆಂಗಸರೇ.

ಇನ್ನು "ಬಿಡ್ತು ಅನ್ನಿ" ಗುಂಪು. ಆ ಕಾಯಿಲೆಯ ಹೆಸರೆತ್ತಿದರೇ ಅಪಶಕುನ. ನಾವು ಸಸ್ಯಾಹಾರಿಗಳು, ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಅನ್ನುತ್ತಾರೆ. ವಂಶದಲ್ಲಿ ಇಲ್ಲದವರಿಗೂ ಬರುತ್ತದೆ, ಸೊಪ್ಪು ತಿಂದವರಿಗೂ ಬರುತ್ತದೆ. ಕಿಟ್ ಕಳಿಸಿದ 100 ಜನರಲ್ಲಿ ಸುಮಾರು 98 ಮಂದಿಗೆ ಮುಂದಿನ ಪರೀಕ್ಷೆಯೇ ಬೇಕಾಗಲ್ಲ. ಕಿಟ್ ಹುಡುಕುವುದು ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು, ಅದು ಸಿಕ್ಕ ಉಳಿದವರಲ್ಲೂ ಎಷ್ಟೋ ಜನರಿಗೆ ಮೂಲವ್ಯಾಧಿಯಂಥದ್ದೇ ಇರುತ್ತದೆ. ಕ್ಯಾನ್ಸರ್ ಆಗುವ ಮೊದಲಿನ ಗಂಟು ಸಿಕ್ಕರೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡುವುದು) ಮಾಡುವಾಗಲೇ ಅದನ್ನು ತೆಗೆದುಬಿಡುತ್ತಾರೆ.

ಬೆಂಗಳೂರಿನ ಪ್ಯಾಕೇಜ್ ಗುಂಪಿನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ರಜೆಗೆ ಹೋದಾಗ ಸಾವಿರಾರು ರೂಪಾಯಿ ಕೊಟ್ಟು ಫುಲ್ ಬಾಡಿ ಚೆಕಪ್ ಮಾಡಿಸಿ ದಪ್ಪ ಫೈಲ್ ತರುತ್ತಾರೆ. ಅದರಲ್ಲಿ ಈ ಪರೀಕ್ಷೆ ಇದೆಯೋ ಇಲ್ಲವೋ ನೋಡಿರುವುದಿಲ್ಲ. ಪುಕ್ಕಟೆ ಬಂದದ್ದು ಮಾತ್ರ ಶೂ ಸ್ಟ್ಯಾಂಡ್ ಮೇಲೆ!

ಮನೆ ಬದಲಿಸಿದವರು ಜಿಪಿಗೆ ಹೊಸ ವಿಳಾಸ ಕೊಡಿ. ಇಲ್ಲದಿದ್ದರೆ ಕಿಟ್ ಹಳೆ ಮನೆಗೇ ಹೋಗುತ್ತದೆ. 75 ದಾಟಿದವರು ಸಹಾಯವಾಣಿಗೆ ಫೋನ್ ಮಾಡಿ ಕೇಳಿ ತರಿಸಿಕೊಳ್ಳಬಹುದು. ಇದೆಲ್ಲ ತೊಂದರೆ ಏನೂ ಕಾಣದವರಿಗೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಎದೆಯಲ್ಲಿ ಗಂಟು ಇಂಥದ್ದು ಕಂಡರೆ ಕಿಟ್‌ಗೆ ಕಾಯಬೇಡಿ, ನೇರ ಜಿಪಿ ಹತ್ತಿರ ಹೋಗಿ.

ಹೋದ ವರ್ಷ ಸಂಘದಲ್ಲಿ ಇದರ ಬಗ್ಗೆ ಒಂದು ಭಾಷಣ ಇಟ್ಟಿದ್ದೆವು. ಪ್ರಶ್ನೆ ಕೇಳಿ ಅಂದರೆ ಸಭೆ ಗಪ್‌ಚಿಪ್. ಆಮೇಲೆ ಕಾಫಿ ಹತ್ತಿರ ಆರು ಜನ ಒಬ್ಬೊಬ್ಬರಾಗಿ ಬಂದು ಪಿಸುಗುಟ್ಟಿದರು. ಅದಕ್ಕೇ ಈ ಸಲ ಭಾಷಣ ಇಲ್ಲ. ಕಾಫಿ ಹತ್ತಿರ ನಮ್ಮ ಡಾಕ್ಟರುಗಳಲ್ಲಿ ಇಬ್ಬರು ಸುಮ್ನೆ ನಿಂತಿರುತ್ತಾರೆ, ಒಬ್ಬರು ಗಂಡಸು, ಒಬ್ಬರು ಹೆಂಗಸು. ಯುಗಾದಿ ಊಟಕ್ಕೆ ತರಿಸುವ ಐಸ್‌ಕ್ರೀಮಿನ ಖಾಲಿ ಡಬ್ಬಿಗಳನ್ನು ಎಸೆಯಬೇಡಿ ಅಂತ ಕಮಿಟಿಗೂ ಹೇಳಿದ್ದೇನೆ. ತೊಳೆದು ಬಾಗಿಲ ಹತ್ತಿರ ಇಟ್ಟಿರುತ್ತೇವೆ. ಬೇಕಾದವರು ಹೋಗುವಾಗ ಒಂದು ಎತ್ತಿಕೊಳ್ಳಿ, ಯಾಕೆ ಅಂತ ಯಾರೂ ಕೇಳಲ್ಲ.