ಬೆಂಕಿ ಹತ್ತಿದರೂ ಸ್ಟಾರ್ಟರ್ ಬಿಡಬಾರದು

ವಿನಿಪೆಗ್, ಜನವರಿ

ಅಪ್ಪನಿಗೆ ನಮಸ್ಕಾರಗಳು.

ನಮ್ಮ ಫ್ಲೈಯಿಂಗ್ ಸ್ಕೂಲಿನಲ್ಲಿ ಪಕ್ಕದ ವಿಮಾನಕ್ಕೆ ಸ್ಟಾರ್ಟ್ ಮಾಡುವಾಗ ಬೆಂಕಿ ಹತ್ತಿತು ಅಂತ ಫೋನಿನಲ್ಲಿ ಹೇಳಿದ್ದೇ ತಡ, ಅಮ್ಮ ಎಲ್ಲ ಬಿಟ್ಟು ವಾಪಸ್ ಬಾ ಅಂದರು. ಲೈನ್ ಬೇರೆ ಸರಿ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಅಮ್ಮನಿಗೆ ಓದಿ ಹೇಳಿ. ಯಾರಿಗೂ ಏನೂ ಆಗಿಲ್ಲ. ವಿಮಾನ ನೆಲದ ಮೇಲೇ ಇತ್ತು.

ಅದು 1970ರ ದಶಕದ ಸೆಸ್ನಾ 172, ಒಂದೇ ಎಂಜಿನ್ನಿನ ಸಣ್ಣ ವಿಮಾನ. ನಮ್ಮ ಹಳೇ ಚೇತಕ್ ಚಳಿಯಲ್ಲಿ ಓವರ್‌ಫ್ಲೋ ಆಗಿ ಹಟ ಮಾಡುತ್ತಿತ್ತಲ್ಲ, ಇದರದ್ದೂ ಅದೇ ಕತೆ. ಥಂಡಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಹಾಗಾಗಿ ಪ್ರೈಮರ್ ಅನ್ನೋ ಸಣ್ಣ ಕೈಪಂಪಿನಿಂದ ಮೊದಲೇ ಸ್ವಲ್ಪ ಕಳಿಸುತ್ತೇವೆ. ಎಂಜಿನ್ ಸ್ಟಾರ್ಟ್ ಆಗಲಿಲ್ಲ ಅಂತ ಮತ್ತೆ ಮತ್ತೆ ಪಂಪ್ ಮಾಡಿದರೆ, ಥ್ರಾಟಲ್ (ನಮ್ಮ ಆಕ್ಸಿಲರೇಟರ್ ಇದ್ದ ಹಾಗೆ) ಹಿಂದೆ ಮುಂದೆ ಆಡಿಸಿದರೆ, ಜಾಸ್ತಿಯಾದದ್ದು ಕೆಳಗೆ ಇಳಿಯುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವುದು ಎಂಜಿನ್ನಿನ ಅಡಿಯಲ್ಲಿ. ಗಾಳಿ ಬರುವ ಡಬ್ಬಿಯಲ್ಲೇ ಪೆಟ್ರೋಲ್ ನಿಲ್ಲುತ್ತದೆ. ಆಮೇಲೆ ಒಂದು ಬ್ಯಾಕ್‌ಫೈರ್ ಆಗಿ ಜ್ವಾಲೆ ಹಿಂದಕ್ಕೆ ಚಿಮ್ಮಿದರೆ ಸಾಕು, ಬೆಂಕಿ ಹತ್ತಿಕೊಳ್ಳುತ್ತದೆ.

ಒಳಗೆ ಕೂತವರಿಗೆ ಈ ಬೆಂಕಿ ಎಷ್ಟೋ ಸಲ ಕಾಣುವುದೇ ಇಲ್ಲ. ಅವತ್ತು ಇಂಧನ ಟ್ರಕ್ಕಿನವನು ಓಡಿಬಂದು ಕೈ ಬೀಸಿದ.

"ತಕ್ಷಣ ಇಳಿದು ಓಡೋದಲ್ವಾ?" ಅಂತ ಅಮ್ಮ ಕೇಳಿದರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಸ್ಟಾರ್ಟರ್ ತಿರುಗಿಸುತ್ತಲೇ ಇರಬೇಕು. ಪಿಸ್ಟನ್‌ಗಳು ಗಾಳಿಯ ಜೊತೆ ಬೆಂಕಿಯನ್ನೂ ಸಿಲಿಂಡರ್ ಒಳಗೆ ಎಳೆದುಕೊಳ್ಳುತ್ತವೆ. ಉರಿಯಬೇಕಾದದ್ದು ಅಲ್ಲೇ ತಾನೆ! ಎಂಜಿನ್ ಸ್ಟಾರ್ಟ್ ಆದರೆ 1700 ಆರ್‌ಪಿಎಂನಲ್ಲಿ ಕೆಲವು ನಿಮಿಷ ಓಡಿಸಿ ಆಫ್ ಮಾಡುವುದು. ಮೆಕ್ಯಾನಿಕ್ ನೋಡುವ ತನಕ ಮತ್ತೆ ಮುಟ್ಟುವ ಹಾಗಿಲ್ಲ. ಸ್ಟಾರ್ಟ್ ಆಗದಿದ್ದರೆ, ಗಾಳಿಗೆ ಎಷ್ಟು ಪೆಟ್ರೋಲ್ ಅಂತ ಹಿಡಿತದಲ್ಲಿಡುವ ಮಿಕ್ಸ್ಚರ್ ಗುಂಡಿಯನ್ನು ಪೂರ್ತಿ ಹಿಂದಕ್ಕೆಳೆದು ಪೆಟ್ರೋಲ್ ನಿಲ್ಲಿಸಬೇಕು, ಥ್ರಾಟಲ್ ಪೂರ್ತಿ ತೆರೆಯಬೇಕು, ಸ್ಟಾರ್ಟರ್ ಮಾತ್ರ ಬಿಡಬಾರದು. ಅದಕ್ಕೂ ಆರದಿದ್ದರೆ ಇಂಧನದ ವಾಲ್ವ್, ಕಿಡಿ ಕೊಡುವ ಮ್ಯಾಗ್ನೆಟೊ, ಬ್ಯಾಟರಿಯ ಮಾಸ್ಟರ್ ಸ್ವಿಚ್ ಎಲ್ಲ ಬಂದ್ ಮಾಡಿ ಇಳಿಯುವುದು. ಅವತ್ತು ಎಂಜಿನ್ ಸ್ಟಾರ್ಟ್ ಆಯಿತು, ಬೆಂಕಿ ಒಳಗೇ ಹೋಯಿತು.

ನನ್ನನ್ನು ಕೇಳಿದರೆ ಇದರಲ್ಲಿ ಆತುರದ ಪಾಲೇ ಜಾಸ್ತಿ. ಮೈನಸ್ 12 ಡಿಗ್ರಿಗಿಂತ ಥಂಡಿಯಿದ್ದರೆ ಮೊದಲು ಎಂಜಿನ್ ಬಿಸಿ ಮಾಡಿ ಅಂತ ಲೈಕಮಿಂಗ್ ಕಂಪನಿಯೇ ತನ್ನ ಹೆಚ್ಚಿನ ಎಂಜಿನ್‌ಗಳಿಗೆ ಹೇಳುತ್ತದೆ. ಇಲ್ಲಿ ಜನವರಿಯಲ್ಲಿ ಮೈನಸ್ 25 ಅಂದರೆ ಯಾರೂ ತಲೆ ಎತ್ತಿ ಕೂಡ ನೋಡುವುದಿಲ್ಲ. ಆದರೆ ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ಟುವ ಹುಡುಗರಿಗೆ ಸುಮ್ನೆ ಹೀಟರ್ ಮುಂದೆ ಕಾಯುವುದೆಂದರೆ ಜೀವ ಹೋದ ಹಾಗೆ. ನಾನು ಕಾಯುತ್ತೇನೆ ಅಂತ ಅಮ್ಮನಿಗೆ ಹೇಳಿ.

ಚಟ್ನಿಪುಡಿ ತಲುಪಿತು. ಮಾರ್ಚ್ ಫೀಸಿನ ವಿಷಯ ಭಾನುವಾರ ಮಾತಾಡೋಣ.

ನಿಮ್ಮ ಮಗಳು